ಬಾಗಿಲಿಗೆ ಬಂದ ದೇವರ್

ನನ್ನ ಚಿಕ್ಕಯ್ಯ ಚಂದ್ರ ಬೀಜಾಡಿಯವನು, ಅಪ್ಪಯ್ಯನ ತಮ್ಮ. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ಹಡಗಿನವರ ಮಾತಿನಲ್ಲಿ ಹೇಳುವುದಾದರೆ ಭಂಡಾರಿ. ಅವನ ಬಗ್ಗೆ ಬರೆಯುತ್ತೇನೆ ಎಂದಾಗ ನನ್ನ ಗಂಡ ನಿತೇಶ್, "ಅವ್ರಿಗ್ ಎಂತ ಬಹುಮಾನ ಬಂದಿತ್?" ಎಂದು ಕೇಳಿದ. ಬಹುಮಾನ ಬಂದವರ ಬಗ್ಗೆ ಬರೆಯಲು ಜನ ಬೇಕಾದಷ್ಟಿದ್ದಾರೆ. ಊರಿನ ಒಂದು ಕೆಟ್ಟ ಮಾತಿಗಾಗಿ ಹುಟ್ಟಿದ ಮನೆಯ ಹೊಸ್ತಿಲನ್ನೇ ದಾಟದೆ ವರ್ಷಗಟ್ಟಲೆ ಜಗಲಿಯಲ್ಲಿ ಕುಳಿತವನ ಬಗ್ಗೆ ಯಾರು ಬರೆಯುತ್ತಾರೆ? ಆ ಮಾತಿನ ಬೇರು ಹುಡುಕಿಕೊಂಡು ನಾನು ರಷ್ಯಾ, ಬಲ್ಗೇರಿಯಾಗಳ ತನಕ ಹೋದದ್ದನ್ನು ಯಾರು ಬರೆಯುತ್ತಾರೆ? ಹೋದದ್ದು ಪುಸ್ತಕದಲ್ಲಿ, ವಿಮಾನದಲ್ಲಿ ಅಲ್ಲ. ನಾನು ನವ್ಯಶ್ರೀ, ಕಾಲೇಜಿನಲ್ಲಿ ಹಿಂದಿ ಪಾಠ ಮಾಡುವವಳು. ಮೇಡಮ್ಮಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ. ಸುಳ್ಳಲ್ಲ.

ಕಥೆ ಅಮ್ಮನ ಮದುವೆಯಿಂದಲೇ ಶುರುವಾಗಬೇಕು. ಅಮ್ಮ ಜಲಜ, ಕಿರಿಮಂಜೇಶ್ವರದ ಹುಡುಗಿ. ದಿಬ್ಬಣದ ಬಸ್ಸು ಕೋಟೇಶ್ವರದಲ್ಲಿ ನಿಂತಿತು. ಅಲ್ಲಿಂದ ಬೀಜಾಡಿಯ ಮನೆಗೆ ಕಾಲು ಹೂಳುವ ಹೊಯ್ಗೆಯ ದಾರಿಯಲ್ಲಿ, ಸುಡುವ ಬಿಸಿಲಿನಲ್ಲಿ ನಡಿಗೆ. ಅಪ್ಪಯ್ಯ ಭೋಜರಾಜ ಒಳ್ಳೆಯವನೇ, ಆದರೆ ಗೆಳೆಯರ ಜತೆ ಮಾತಿಗೆ ನಿಂತರೆ ಕೈಹಿಡಿದವಳೂ ಮರೆತುಹೋಗುತ್ತಿದ್ದಳು. ಅವನು ಮುಂದೆ ಹೋಗಿಬಿಟ್ಟ. ಹೊಸ ಮದುಮಗಳು ಹಿಂದೆ ಉಳಿದಳು. ಆಗಿನ್ನೂ ಚಡ್ಡಿ ಹಾಕುತ್ತಿದ್ದ ಚಿಕ್ಕಯ್ಯ ಯಾರದೋ ಕೊಡೆ ಕಸಿದುಕೊಂಡು ಬಂದು ಅವಳ ತಲೆಯ ಮೇಲೆ ಹಿಡಿದು, "ಅತ್ಗೀ, ಹೋಪ" ಎಂದನಂತೆ, ಹೋಗೋಣ ಬನ್ನಿ ಎಂದು. ಅವನೋ ಗಿಡ್ಡ, ಅವಳೋ ಉದ್ದ. ದಾರಿಯುದ್ದಕ್ಕೂ ಕೊಡೆಯ ಕಡ್ಡಿ ಅವಳ ಮಲ್ಲಿಗೆ ದಂಡೆಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮನೆ ತಲುಪುವಾಗ ಹೂವು ಅರ್ಧ ಕೊಡೆಯಲ್ಲಿ, ಅರ್ಧ ತಲೆಯಲ್ಲಿ. ಗಂಡನ ಮನೆಯಲ್ಲಿ ಅಮ್ಮನಿಗೆ ಮೊದಲು ಪರಿಚಯವಾದ ದನಿ ಅದೇ.

ಆಮೇಲೆ ಅಪ್ಪಯ್ಯ ಮೀನಿನ ವ್ಯಾಪಾರಕ್ಕೆಂದು ಮುಂಬಯಿಗೆ ಹೋದ, ಅಮ್ಮನೂ ಹೋದಳು. ಚಾಳಿನಲ್ಲಿ ಒಂದು ಕೋಣೆ. ಅಮ್ಮನಿಗೆ ಹಿಂದಿ ಒಂದಕ್ಷರವೂ ಬಾರದು. ಒಂದು ದಿನ ಪಕ್ಕದ ಕೋಣೆಯ ಹೆಂಗಸು ಓಡಿಬಂದು, "ಜಲಜಾ, ತೇರಾ ದೇವರ್ ಆಯಾ!" ಎಂದು ಕೂಗಿದಳು. ನಿನ್ನ ದೇವರು ಬಂದ ಎಂದೇ ಅಮ್ಮ ತಿಳಿದಳು. ತಟ್ಟೆಯಲ್ಲಿ ದೇವಿಯನ್ನು ಹೊತ್ತು ಮನೆಮನೆ ತಿರುಗುವವರು ಮುಂಬಯಿಯಲ್ಲಿ ಏನು ಕಡಿಮೆಯೇ? ಗಡಿಬಿಡಿಯಿಂದ ಕೈಕಾಲು ತೊಳೆದು, ಸೆರಗು ಹೊದ್ದು, ಗೆರಸೆಯಲ್ಲಿ ಅಕ್ಕಿ ಹಿಡಿದು, ಭಕ್ತಿಯಿಂದ ಕಣ್ಣು ಮುಚ್ಚಿಕೊಂಡೇ ಬಾಗಿಲಿಗೆ ಬಂದು ಅಕ್ಕಿ ಸುರಿದಳು. ಕಣ್ಣು ಬಿಟ್ಟರೆ ಎದುರಿಗೆ ಕೆಲಸ ಹುಡುಕಿಕೊಂಡು ಊರಿನಿಂದ ಬಂದ ಚಿಕ್ಕಯ್ಯ, ಕೈಯಲ್ಲಿ ತಗಡಿನ ಪೆಟ್ಟಿಗೆ, ಕಾಲಮೇಲೆ ಅಕ್ಕಿ. ಹಿಂದಿಯಲ್ಲಿ ಗಂಡನ ತಮ್ಮನಿಗೆ ದೇವರ್ ಎನ್ನುತ್ತಾರೆಂದು ಅವಳಿಗೆ ಗೊತ್ತಾದದ್ದು ಆ ದಿನ.

ಇದನ್ನು ಅಮ್ಮ ಹೇಳುವಾಗ ಕೇಳಬೇಕಿತ್ತು. "ದೇವ್ರ್ ಅಂದೇಳಿ ಕಂಡ್ರೆ ನಮ್ ಚಂದ್ರ! ನಾ ಕಾಲಿಗ್ ಅಕ್ಕಿ ಹಾಕ್ರೆ ಅವ ಅನ್ನ ಕೇಂತ!" ಎಂದು ಮುಗಿಸುತ್ತಿದ್ದಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ತೊಂಬತ್ತೇಳರಲ್ಲಿ ಅಪ್ಪಯ್ಯ ಅರಿಶಿನ ಕಾಮಾಲೆಯಿಂದ ತೀರಿಹೋದ. ಚಿಕ್ಕಯ್ಯ ಆಗಷ್ಟೇ ಹಡಗು ಹತ್ತಲು ಶುರುಮಾಡಿದ್ದ. ಅಮ್ಮನನ್ನೂ ನನ್ನನ್ನೂ ಅವನೇ ಊರಿಗೆ ಕರೆದುಕೊಂಡು ಬಂದ. ಕಿರಿಮಂಜೇಶ್ವರದ ಸೋದರಮಾವ, "ನಮ್ ಮನಿಗ್ ಬಾ" ಎಂದು ಕರೆದರೂ ಅಮ್ಮ ಹೋಗಲಿಲ್ಲ. ಬೀಜಾಡಿಯಲ್ಲಿ ಅಜ್ಜಿ, ಅಂದರೆ ಅಮ್ಮನ ಅತ್ತೆ, ಹಾಸಿಗೆ ಹಿಡಿದಿದ್ದಳು. ಅಮ್ಮ ಅತ್ತೆಯನ್ನು ನೋಡಿಕೊಂಡಳು. ಬುಟ್ಟಿ ಹೊತ್ತು ಕೋಟೇಶ್ವರಕ್ಕೆ ಹೋಗಿ ಮೀನು ಮಾರಿದಳು. ಚಿಕ್ಕಯ್ಯ ಹಡಗಿನಿಂದ ರಜೆಯಲ್ಲಿ ಬಂದರೆ ಅದೇ ಮನೆಗೆ ಬರುತ್ತಿದ್ದ. ಇನ್ನೆಲ್ಲಿಗೆ ಹೋಗಬೇಕು? ಅವನು ಹುಟ್ಟಿದ ಮನೆ ಅದು. ಬಂದವನೇ ಅಡುಗೆಮನೆಗೆ ನುಗ್ಗಿ ಅಮ್ಮನನ್ನು ಹೊರಗಟ್ಟಿ ಬಂಗುಡೆ ಸಾರು ಮಾಡುತ್ತಿದ್ದ. "ಹಡ್ಗಿನ್ ಸಾರ್, ಉಪ್ಪೇ ಇಲ್ಲೆ" ಎಂದು ಅಮ್ಮ ರೇಗಿಸುತ್ತಿದ್ದಳು.

ಮೀನುಮಾರ್ಕೆಟ್ಟಿನಲ್ಲಿ ಅಮ್ಮನ ಮುಂಬಯಿ ಕಥೆ ಮೀನಿಗಿಂತ ಹೆಚ್ಚು ಖರ್ಚಾಗುತ್ತಿತ್ತು. ಅದನ್ನು ಒಂದು ಬೆಳಿಗ್ಗೆ ಮಂಜಯ್ಯ ಮಾಷ್ಟ್ರಿಗೂ ಹೇಳಿದಳು. ಮಾಷ್ಟ್ರು ನಿವೃತ್ತರು, ಓದಿಕೊಂಡವರು, ಕೆಟ್ಟವರಲ್ಲ. ಆದರೆ ಓದಿದ್ದನ್ನು ಕಂಡಕಂಡಲ್ಲಿ ಚೆಲ್ಲುವ ಚಟ. ಚೆನ್ನಾಗಿ ನಕ್ಕು ಅಂದರು: "ಜಲಜ, ದೇವರ ಅಂದ್ರೆ ಎಂತ ಅರ್ಥ ಗೊತ್ತಿತಾ ನಿಂಗೆ? ಹಳೀ ಸಂಸ್ಕೃತದಂಗೆ ಹೇಳ್ತ್ರ್, ದ್ವಿತೀಯೋ ವರಃ. ಎರಡ್ನೇ ವರ!"

ಅವರು ಬಂಗುಡೆ ಕಟ್ಟಿಸಿಕೊಂಡು ಮನೆಗೆ ಹೋದರು. ಮಾತು ಮಾತ್ರ ಅವರ ಜತೆ ಹೋಗಲಿಲ್ಲ. ಬುಟ್ಟಿ ಖಾಲಿ ಮಾಡಿ ಅಮ್ಮ ಬೀಜಾಡಿಗೆ ಬರುವಷ್ಟರಲ್ಲಿ ಅದು ಅವಳಿಗಿಂತ ಮೊದಲೇ ಬಂದು ಕುಳಿತಿತ್ತು.

ರಜೆಯಲ್ಲಿ ಬಂದಿದ್ದ ಚಿಕ್ಕಯ್ಯ ಆ ಸಂಜೆ ಕಡಲತಡಿಯಲ್ಲಿ ಕೈರಂಪಣಿ ಬಲೆಯ ಹಗ್ಗ ಎಳೆಯುವವರ ಸಾಲಿನಲ್ಲಿದ್ದ. ಹಿಂದಿನಿಂದ ಯಾರೋ, "ಹ್ವಾಯ್, ಎರಡ್ನೇ ವರ ಇದ್ರ್ ಕಾಣಿ, ಜೋರ್ ಎಳಿನಿ!" ಎಂದರು. ಸಾಲಿಗೆ ಸಾಲೇ ನಕ್ಕಿತು. ಚಿಕ್ಕಯ್ಯ ಹಗ್ಗ ಬಿಟ್ಟು ನಡೆದುಬಿಟ್ಟ. ನಡುವಿನ ಒಬ್ಬ ಕೈಬಿಟ್ಟರೆ ಸಾಲಿನವರೆಲ್ಲ ಮುಗ್ಗರಿಸುತ್ತಾರೆ, ಮುಗ್ಗರಿಸಿದರು. ಒಳ್ಳೆಯದೇ ಆಯಿತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಮನೆಗೆ ಬಂದವನು ಜಗಲಿಯಲ್ಲಿ ಕುಳಿತ. ಊಟಕ್ಕೆ ಕರೆದರೆ, "ಇಲ್ಲೇ ತಕಬನಿ ಅತ್ಗೀ, ಇಲ್ ಗಾಳಿ ಒಳ್ಳೇದಿತ್ತ್" ಎಂದ. ಮರುದಿನವೂ ಗಾಳಿ ಒಳ್ಳೆಯದಿತ್ತು. ಅದರ ಮರುದಿನವೂ. ಮುಂದಿನ ರಜೆಗೆ ಬಂದಾಗಲೂ ಆ ಗಾಳಿ ಹಾಳಾಗಿರಲಿಲ್ಲ. ಸುರಿಯುವ ಮಳೆಯಲ್ಲಿ ಇರಚಲು ಹೊಡೆದು ಬಟ್ಟಲಿನ ಗಂಜಿಗೆ ನೀರು ಸೇರಿದರೂ ಒಳಗೆ ಬಾರದ ಮನುಷ್ಯ ಅವನು. ಬ್ರಹ್ಮಾವರದ ಕಡೆಯಿಂದ ಬಂದ ಒಂದು ಹೆಣ್ಣಿನ ಸಂಬಂಧ, "ಗಂಡಿಗ್ ಮನ್ಯಂಗೇ ಒಬ್ಳ್ ಇದ್ಲ್ ಅಂಬ್ರ್" ಎಂಬ ಮಾತಿನಿಂದ ಮುರಿದುಬಿತ್ತು. ಅಜ್ಜಿ ಸತ್ತ ದಿನ ಮಾತ್ರ ಒಳಗೆ ಬಂದ. ಹೆಣ ಹೊರಲು ಬಂದ, ಹೊತ್ತುಕೊಂಡು ಹೊರಗೆ ಹೋದ. ಆಮೇಲೆ ಅವನು ಯಡ್ತರೆಯ ಶ್ರೀಲತಾ ಚಿಕ್ಕಿಯನ್ನು ಮದುವೆಯಾಗಿ, ಅಲ್ಲೇ ಮನೆ ಮಾಡಿದ. ರಜೆಯಲ್ಲಿ ಬಂದಾಗಲೆಲ್ಲ ಬೀಜಾಡಿಗೆ ಬಂದು ನಮ್ಮನ್ನು ನೋಡಿಯೇ ಹೋಗುತ್ತಿದ್ದ. ನೋಡುತ್ತಿದ್ದದ್ದು ಜಗಲಿಯಿಂದ. ಚಿಕ್ಕಿ ಬಾಯಿ ಜೋರು. "ನಿಮ್ ಅತ್ಗಿ ಮನಿ ಒಳ್ಗ್ ಹೋಪುಕ್ ನಿಮ್ಗ್ ಎಂತ ಬ್ಯಾನಿ?" ಎಂದು ಕೇಳುತ್ತಿದ್ದಳು. ಅವನು ಗಾಳಿಯ ಸುದ್ದಿ ತೆಗೆಯುತ್ತಿದ್ದ.

ಅಮ್ಮ ಮಾರ್ಕೆಟ್ಟಿನಲ್ಲಿ ಮೀನು ಮಾರಿದಳು, ಜಗಳ ಮಾಡಿದಳು, ನಗುವುದನ್ನೂ ಬಿಡಲಿಲ್ಲ. ಮುಂಬಯಿ ಕಥೆಯನ್ನು ಮಾತ್ರ ಮತ್ತೆ ಹೇಳಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಾನು ಪದವಿ ಓದುತ್ತಿದ್ದೆ. ಚಿಕ್ಕಯ್ಯ ಹಡಗಿನಿಂದ ಬಂದವನು ಜಗಲಿಯ ಮೇಲೆ ಕುಳಿತು ನನಗೊಂದು ಸುದ್ದಿ ಹೇಳಿದ. ನನಗೆ ಹೇಳಿದ್ದು ನೆಪಕ್ಕೆ; ದನಿ ಒಳಗಿನ ಒಲೆಯ ತನಕ ಮುಟ್ಟುವಂತಿತ್ತು. ಅವರ ಹಡಗಿನಲ್ಲಿ ಸ್ತೋಯನ್ ಎಂಬ ಬಲ್ಗೇರಿಯಾದ ಮೆಕ್ಯಾನಿಕ್ ಇದ್ದ. ಅವನು ಅಡುಗೆಕೋಣೆಗೆ ಬಂದು ತನ್ನ ಮದುವೆಯ ಫೋಟೋ ತೋರಿಸಿದ. ಮದುಮಗಳ ಪಕ್ಕದಲ್ಲಿ ಅವಳ ಕೈಹಿಡಿದು, ಹೆಗಲ ಮೇಲೆ ಕೆಂಪು ಅಂಚಿನ ಬಿಳಿ ಬಟ್ಟೆ ಹಾಕಿಕೊಂಡ ಒಬ್ಬ ನಿಂತಿದ್ದ. ಸ್ತೋಯನ್ ಅವನ ಮೇಲೆ ಬೆರಳಿಟ್ಟು, "ದೇವೆರ್" ಎಂದ.

"ನಂಗ್ ದೇವ್ರ್ ಅಂದಂಗ್ ಕೇಂತ್ ಮರಾಯ್ತಿ," ಎಂದ ಚಿಕ್ಕಯ್ಯ. "ಅವ್ರ್ ಊರಿನ್ ದೇವ್ರ್ ಹೀಂಗ್ ಕೋಟ್ ಹಾಕ್ಕಂಡ್ ಇಪ್ಪುದೇನೋ ಅಂದೇಳಿ, ಕೈ ಒರ್ಸ್ಕಂಡ್ ಫೋಟೋಕ್ಕೆ ಕೈ ಮುಗ್ದೆ. ಅವ ಬಿದ್ ಬಿದ್ ನೆಗಾಡ್ದ. ಕಡಿಗ್ ಹೇಳ್ದ, ಅದ್ ನನ್ ತಮ್ಮ, ನನ್ ಹೆಂಡ್ತಿಗ್ ಅವ ದೇವೆರ್ ಅಂದೇಳಿ."

ಅವರಲ್ಲಿ ಮದುಮಗಳನ್ನು ಮನೆಯಿಂದ ಹೊರಗೆ ಕರೆತರುವುದು, ಮದುವೆ ಮುಗಿಯುವ ತನಕ ಅವಳನ್ನು ಕಾಯುವುದು ಗಂಡಿನ ತಮ್ಮನ ಕೆಲಸವಂತೆ. ಒಪ್ಪಂದ ಮುಗಿಸಿ ಹಡಗು ಇಳಿಯುವಾಗ ಸ್ತೋಯನ್ ಅಂಥದೇ ಒಂದು ಬಟ್ಟೆಯನ್ನು ಚಿಕ್ಕಯ್ಯನಿಗೆ ಕೊಟ್ಟಿದ್ದ. ಕೊಡೆ ಹಿಡಿದ ಕಥೆಯನ್ನು ಇವನು ಅವನಿಗೆ ಹೇಳಿದ್ದನಂತೆ.

ನಾನು ಹೊಟ್ಟೆ ಹಿಡಿದು ನಕ್ಕೆ. ಒಳಗೆ ಸೌಟಿನ ಸದ್ದು ನಿಂತಿತು. ಈಗ ಅಮ್ಮ ನಗುತ್ತಾಳೆ, ಈಗ ಹೊರಗೆ ಬಂದು ತನ್ನ ಕಥೆಯನ್ನು ಇದಕ್ಕೆ ಕೂಡಿಸುತ್ತಾಳೆ ಎಂದು ಇಬ್ಬರೂ ಕಾದೆವು. ಅವಳು ಹೊಸ್ತಿಲಿನ ಆಚೆಯಿಂದಲೇ ಲೋಟ ನೀಡಿ, "ಚಾ ತಣೀತ್ತ್, ಕುಡಿ" ಎಂದಳು. ಚಿಕ್ಕಯ್ಯ ಕುಡಿದು ಎದ್ದು ಹೋದ. ನನಗೆ ಅಳು ಬಂತು, ಅಳುವಿನ ಬೆನ್ನಿಗೇ ಸಿಟ್ಟೂ ಬಂತು.

ಸಿಟ್ಟು ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ. ಮುಂಬಯಿಯಲ್ಲಿ ಅಮ್ಮ ಮಾಡಿದ ತಪ್ಪನ್ನೇ ಯಾವುದೋ ಸಮುದ್ರದಲ್ಲಿ ಚಿಕ್ಕಯ್ಯನೂ ಮಾಡಿದ್ದಾನೆ. ನಮ್ಮ ಕಡೆಯವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ಆದರೆ ಎರಡು ದೇಶಗಳಲ್ಲಿ, ಎರಡು ಭಾಷೆಗಳಲ್ಲಿ ಒಂದೇ ತಪ್ಪು ಆಗಬೇಕಾದರೆ ಶಬ್ದವೂ ಒಂದೇ ಇರಬೇಕಲ್ಲ? ಶಬ್ದ ಒಂದೇ ಆದರೆ, ಬಲ್ಗೇರಿಯಾದವರೂ ಅದನ್ನು ಎರಡನೆಯ ವರ ಎನ್ನುತ್ತಾರೆಯೇ?

ಉತ್ತರ ಸಿಕ್ಕಿದ್ದು ಹಿಂದಿ ಎಂ.ಎ. ಮಾಡುವಾಗ. ಭಾಷಾಶಾಸ್ತ್ರ ಕಲಿಸುತ್ತಿದ್ದ ವಿನಯಾ ಮೇಡಂ ದಪ್ಪ ಪುಸ್ತಕವೊಂದನ್ನು ತೆರೆದು ತೋರಿಸಿದರು. ರಷ್ಯಾ, ಪೋಲೆಂಡ್, ಸರ್ಬಿಯಾ, ಬಲ್ಗೇರಿಯಾಗಳ ಭಾಷೆಗಳೆಲ್ಲ ಒಂದೇ ತಾಯಿಯ ಮಕ್ಕಳು. ಆ ತಾಯಿಗೆ ಮೂಲ ಸ್ಲಾವಿಕ್ ಎಂದು ವಿದ್ವಾಂಸರು ಹೆಸರಿಟ್ಟಿದ್ದಾರೆ. ಅದನ್ನು ಆಡುತ್ತಿದ್ದವರು ಬರೆಯುತ್ತಿರಲಿಲ್ಲ. ಪುಸ್ತಕದಲ್ಲಿ ಆ ಭಾಷೆಯ ಶಬ್ದವೊಂದಿತ್ತು: ದೇವೆರಿ. ಕೊನೆಯ ಸ್ವರವನ್ನು ಅರ್ಧ ನುಂಗಬೇಕು ಎಂದರು ಮೇಡಂ. ಸ್ವರ ನುಂಗುವುದನ್ನು ಕುಂದಾಪುರದವರಿಗೆ ಹೇಳಿಕೊಡಬೇಕೇ? ಶಬ್ದದ ನೆತ್ತಿಯ ಪಕ್ಕದಲ್ಲಿ ಪುಟ್ಟ ನಕ್ಷತ್ರ. ಯಾರೂ ಕಣ್ಣಾರೆ ಕಂಡ ಶಬ್ದ ಇದಲ್ಲ, ಮೊಮ್ಮಕ್ಕಳ ಮುಖ ನೋಡಿ ಅಜ್ಜಿಯ ಮುಖ ಹೀಗಿದ್ದಿರಬೇಕು ಎಂದು ಹೇಳಿದ್ದು ಎಂಬುದಕ್ಕೆ ಆ ಗುರುತು.

ಮೊಮ್ಮಕ್ಕಳ ಮುಖವನ್ನೂ ನೋಡಿದೆ. ರಷ್ಯನ್ನರಲ್ಲಿ ಅದು ದೇವೆರ್, ಬಲ್ಗೇರಿಯಾದಲ್ಲೂ ದೇವೆರ್, ಸರ್ಬಿಯಾದಲ್ಲೂ ದೇವೆರ್, ಅದರ ನೆರೆಯವರಲ್ಲಿ ಜೇವೆರ್. ಪೋಲೆಂಡಿನಲ್ಲಿದ್ದ ಮೊಮ್ಮಗು ಹೆಚ್ಚು ಕಾಲ ಬಾಳಲಿಲ್ಲ. ಅವರು ಜರ್ಮನ್ ಕಡೆಯಿಂದ ಒಂದು ಶಬ್ದವನ್ನು ದತ್ತು ತಂದು ಸಂಸಾರ ನಡೆಸುತ್ತಿದ್ದಾರೆ. ಆ ಅಜ್ಜಿಗೂ ಅಕ್ಕತಂಗಿಯರಿದ್ದರು: ಲಿಥುವೇನಿಯಾದ ದಿಯೆವೆರಿಸ್, ಹಳೆಯ ಗ್ರೀಕಿನ ದಾಎರ್, ಲ್ಯಾಟಿನ್ನಿನ ಲೇವಿರ್, ಸಂಸ್ಕೃತದ ದೇವೃ. ಆ ಸಂಸ್ಕೃತದವಳ ಮಕ್ಕಳೇ ಹಿಂದಿಯ ದೇವರ್, ಮರಾಠಿಯ ದೀರ್, ನಮ್ಮ ಗಂಗೊಳ್ಳಿಯ ಕೊಂಕಣಿ ಮನೆಗಳಲ್ಲಿ ದಿನವೂ ಕರೆಯುವ ದೇರು. ಎಲ್ಲರ ಬಾಯಲ್ಲೂ ಅರ್ಥ ಒಂದೇ, ಗಂಡನ ಸಹೋದರ. ಬಲ್ಗೇರಿಯಾ, ಸರ್ಬಿಯಾಗಳಲ್ಲಿ ಅವನಿಗೆ ಒಂದು ಗೌರವ ಹೆಚ್ಚಿಗೆ ಸಿಕ್ಕಿ, ಮದುಮಗಳನ್ನು ಕಾಯುವವನೂ ಆದ.

ಎರಡನೆಯ ವರ ಎಲ್ಲಿಯೂ ಇಲ್ಲ. ಎರಡು ಎಂಬುದಕ್ಕೆ ಈ ಎಲ್ಲ ಭಾಷೆಗಳಲ್ಲೂ ಬೇರೆಯೇ ಶಬ್ದವಿದೆ, ಅದು ಇದರೊಳಗೆ ಕೂರುವುದಿಲ್ಲ. ಶಬ್ದದ ನಿಜವಾದ ಬೇರು ಮರೆತುಹೋದ ಮೇಲೆ ಯಾರೋ ಹಳಬರು ಕಿವಿಗೆ ಕೇಳಿದಂತೆ ಅದನ್ನು ಒಡೆದು ಅರ್ಥ ಹೇಳಿದ್ದರು, ಅಷ್ಟೇ. ದೇವರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಸರು ಹತ್ತಿರ, ಮನೆತನ ಬೇರೆ. ಇಷ್ಟು ತಿಳಿದ ದಿನ ಗ್ರಂಥಾಲಯದಿಂದ ಎದೆ ಉಬ್ಬಿಸಿಕೊಂಡು ಹೊರಗೆ ಬಂದೆ. ನಮ್ಮ ಜಗಲಿಯಲ್ಲಿ ಕುಳಿತವನ ಹೆಸರಿಗೆ ಇಷ್ಟು ದೊಡ್ಡ ಕುಟುಂಬವೇ ಎಂದು ಹೆಮ್ಮೆಯಾಯಿತು.

ನೇರ ಹೋದದ್ದು ಮಂಜಯ್ಯ ಮಾಷ್ಟ್ರ ಮನೆಗೆ. ಜಗಳಕ್ಕೇ ಹೋದದ್ದು. ಮುದುಕರಾಗಿದ್ದರು. ನಾನು ಹೇಳಿದ್ದನ್ನೆಲ್ಲ ಕಿವಿಗೆ ಕೈಯಿಟ್ಟು ಕೇಳಿದರು. "ಹೌದನಾ? ಚಂದ ಇತ್ತಲೆ!" ಎಂದು ಮಗುವಿನಂತೆ ಸಂತೋಷಪಟ್ಟರು. ನನ್ನ ಜಗಳಕ್ಕೆ ನೀರು ಹೊಯ್ದ ಹಾಗಾಯಿತು. ಅವರ ಒಂದು ಮಾತಿನಿಂದ ನಮ್ಮ ಮನೆಗೆ ಏನಾಯಿತು ಎಂಬುದನ್ನು ಆಮೇಲೆ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಮುಖ ಬಾಡಿತು.

"ನಾ ಓದದ್ದ್ ಹೇಳ್ದೆ ಮಗಾ. ಹೇಳುವಾಗ ಎದ್ರಿಗೆ ಯಾರ್ ಇದ್ರ್ ಅಂದೇಳಿ ಕಾಣ್ಲಿಲ್ಲೆ," ಎಂದರು.

ಯಡ್ತರೆಗೆ ಹೋಗಿ ಚಿಕ್ಕಯ್ಯನಿಗೂ ಪಾಠ ಮಾಡಿದೆ. ಅವನು ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಂಡ. "ನೀ ಹೇಳುದ್ ಸಮ ಇತ್ತ್. ಆರೆ ಊರಿನ್ ಮನಿಮನಿಗ್ ಹೋಯಿ ಇದನ್ನ್ ಹೇಳ್ತ್ಯಾ? ಬಾಯಿ ಜನ್ರದ್ದ್, ಹೆಸ್ರ್ ಅತ್ಗೀದ್" ಎಂದ. ಅಷ್ಟು ದೊಡ್ಡ ಪುಸ್ತಕ ಅವನನ್ನು ಒಂದು ಹೊಸ್ತಿಲು ದಾಟಿಸಲಾರದೆ ಹೋಯಿತು. ನನಗೆ ಅವತ್ತು ಓದಿನ ಮೇಲೆಯೇ ಬೇಸರ ಬಂತು.

ಎರಡು ವರ್ಷದ ಮೇಲೆ ಬ್ರಹ್ಮಾವರದ ನಿತೇಶನ ಜತೆ ನನ್ನ ಮದುವೆ ಗೊತ್ತಾಯಿತು. ಎಲ್ಲರೂ ಹಾಲ್‌ನಲ್ಲೇ ಮಾಡೋಣ ಎಂದರು. ನಾನು ಮಾತ್ರ ಬೀಜಾಡಿಯ ಮನೆಯಂಗಳದಲ್ಲೇ ಚಪ್ಪರ ಆಗಬೇಕು ಎಂದು ಹಟ ಹಿಡಿದೆ. ಹಾಲ್‌ಗಳಿಗೆ ಹೊಸ್ತಿಲು ಎಲ್ಲಿರುತ್ತದೆ? ಮಂಜಯ್ಯ ಮಾಷ್ಟ್ರನ್ನು ನಾನೇ ಹೋಗಿ ಮದುವೆಗೆ ಕರೆದು ಬಂದೆ.

ಧಾರೆಯ ಹೊತ್ತು. ಸೋದರಮಾವ ಕಲಶ ಹಿಡಿದು ಸಿದ್ಧನಾಗಿದ್ದ. ಅಮ್ಮ ಎಲ್ಲಿ ಎಂದು ನೋಡಿದರೆ ಕಾಣಲಿಲ್ಲ. ಗಂಡ ಸತ್ತವಳು ಧಾರೆಯ ಮುಂದೆ ನಿಲ್ಲಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳದೆಯೇ ಪಾಲಿಸುವ ಮಾತುಗಳಲ್ಲಿ ಅದೂ ಒಂದು. ಚಿಕ್ಕಯ್ಯ ಎಂದಿನಂತೆ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ನನ್ನ ಮದುವೆಗೆ ಒಬ್ಬಳು ಒಳಗೆ, ಒಬ್ಬ ಹೊರಗೆ. ನನ್ನ ಸಿಟ್ಟು ನೆತ್ತಿಗೇರಿತು.

"ಅಮ್ಮ ಬಾರದೆ ನಾ ಕೈ ನೀಡೂದಿಲ್ಲೆ," ಎಂದೆ.

ಪುರೋಹಿತರು ಮಂತ್ರ ನಿಲ್ಲಿಸಿದರು. ಹೆಂಗಸರು ಒಳಗೆ ಹೋಗಿ ಬಂದರು. "ಬತ್ತಿಲ್ಲೆ ಅಂಬ್ರ್. ಕಣ್ಣೀರ್ ಹಾಕ್ಕಂಡ್ ಕೂಕಂಡಿದ್ರ್," ಎಂದರು. ಮಾವ ಹೋಗಲು ಹೊರಟ. ನಾನು ಬೇಡವೆಂದು ಜಗಲಿಯ ಕಡೆ ತಿರುಗಿ, ಚಪ್ಪರಕ್ಕೆಲ್ಲ ಕೇಳುವಂತೆ ಕೂಗಿದೆ: "ಚಿಕ್ಕಯ್ಯಾ, ಅಮ್ಮನ್ನ ಈ ಮನಿಗ್ ಕೊಡೆ ಹಿಡ್ದ್ ಕರ್ಕಂಡ್ ಬಂದವ್ರ್ ನೀವ್. ಈಗ್ಳೂ ನೀವೇ ಕರ್ಕಂಡ್ ಬನಿ."

ಹಗ್ಗದ ಸಾಲಿನಲ್ಲಿ ಅಂದು ನಕ್ಕವರಲ್ಲಿ ಅರ್ಧ ಜನ ಅಲ್ಲೇ ಕುರ್ಚಿಯಲ್ಲಿದ್ದರು. ಚಿಕ್ಕಯ್ಯ ಕಂಬ ಬಿಡಲಿಲ್ಲ. ಆಗ ಎದ್ದವಳು ಶ್ರೀಲತಾ ಚಿಕ್ಕಿ. ತನ್ನ ಚೀಲದಿಂದ ಕೆಂಪು ಅಂಚಿನ ಬಿಳಿ ಬಟ್ಟೆಯನ್ನು ತೆಗೆದು ಗಂಡನ ಹೆಗಲ ಮೇಲೆ ಎಸೆದಳು. "ತಕಣಿ. ಆ ಸ್ತೋಯನ್ ಇದನ್ನ್ ಕಪಾಟಂಗ್ ಇಡುಕ್ ಕೊಟ್ಟದ್ದಾ? ಹೋಯ್ನಿ ಒಳ್ಗೆ!"

ಹೆಂಡತಿಯ ಆ ಮಾತಿನ ಮೇಲೆ ಊರಿನವರಿಗೆ ಆಡಲು ಏನು ಉಳಿಯಿತು? ಚಿಕ್ಕಯ್ಯ ಬಟ್ಟೆಯನ್ನು ಸರಿಮಾಡಿಕೊಂಡ. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ಬಲಗಾಲಿಟ್ಟು ಒಳಗೆ ಹೋದ. ಹೊರಗೆ ನಮಗೆಲ್ಲ ಕೇಳಿಸಿದ್ದು ಒಂದೇ ಮಾತು.

"ಅತ್ಗೀ, ಹೋಪ."

ಅವನ ಹೆಗಲ ಬಟ್ಟೆಯ ತುದಿಯನ್ನು ಹಿಡಿದುಕೊಂಡು ಅಮ್ಮ ಹೊರಗೆ ಬಂದಳು. ಅವಳ ಮೂಗು ಕೆಂಪಾಗಿತ್ತು, ಆದರೆ ತಲೆ ತಗ್ಗಿಸಿರಲಿಲ್ಲ. ನನ್ನ ಅಮ್ಮನನ್ನು ನಾನು ಅಷ್ಟು ಚಂದ ಕಂಡದ್ದೇ ಇಲ್ಲ. ಗಂಡಿನ ಕಡೆಯ ಒಬ್ಬರು, "ಆ ಗಂಡಸ್ರ್ ಯಾರ್?" ಎಂದು ಪಕ್ಕದವರನ್ನು ಕೇಳಿದರು. ಪಕ್ಕದಲ್ಲಿದ್ದವರು ಮಂಜಯ್ಯ ಮಾಷ್ಟ್ರು. ಕೋಲೂರಿ ಎದ್ದು ನಿಂತರು. ಎಂದೋ ಮಕ್ಕಳಿಗೆ ಪಾಠ ಹೇಳುತ್ತಿದ್ದ ಗಟ್ಟಿ ದನಿಯಲ್ಲಿ, "ಮೈದ. ಹೆಣ್ಣಿನ್ ಅಮ್ಮನ್ ಮೈದ, ಗಂಡನ್ ತಮ್ಮ. ಆ ಶಬ್ದಕ್ಕೆ ಬೇರೆಂತ ಅರ್ಥವೂ ಇಲ್ಲೆ," ಎಂದರು. ನಾನು ಕೈ ನೀಡಿದೆ. ಅಮ್ಮ ಎಲ್ಲರಿಗಿಂತ ಮೊದಲು ಧಾರೆ ಎರೆದಳು.

ಊಟದ ಹೊತ್ತಿಗೆ ಅಮ್ಮನ ಸುತ್ತ ಬ್ರಹ್ಮಾವರದ ಹೆಂಗಸರು ನೆರೆದಿದ್ದರು. ನಾನು ಹತ್ತಿರ ಹೋಗುವಾಗ ಅವಳ ದನಿ ಕೇಳಿಸಿತು. ಚಾಳು, ಪಕ್ಕದ ಕೋಣೆಯವಳ ಕೂಗು, ಗೆರಸೆ, ಅಕ್ಕಿ. ಎಷ್ಟೋ ವರ್ಷಗಳ ಮೇಲೆ ಮುಂಬಯಿ ಕಥೆ, ಒಂದು ಮಾತೂ ಬಿಟ್ಟುಹೋಗದೆ. ಹೆಂಗಸರು ನಕ್ಕು ಸುಸ್ತಾದರು. ನಿತೇಶನ ಅತ್ತೆಯೊಬ್ಬರು ಕಣ್ಣು ಒರೆಸಿಕೊಳ್ಳುತ್ತಾ, "ಹಂಗಾರೆ ಕಡಿಗೂ ದೇವ್ರ್ ಬರ್ಲೇ ಇಲ್ಯಾ?" ಎಂದು ಕೇಳಿದರು.

ಅಮ್ಮ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಚಿಕ್ಕಯ್ಯ ಮಣೆ ಹಾಕಿಕೊಂಡು ಎಲೆಯ ಮುಂದೆ ಕುಳಿತು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯವರ ಜತೆ ಜಗಳವಾಡುತ್ತಿದ್ದ.

"ಬಂದಿದ್ದ," ಎಂದಳು ಅಮ್ಮ. "ಒಳ್ಗ್ ಕೂಕಂಡ್ ಉಂತಿದ್ದ."